ರೆಮಾ ಅವರ ‘ಹೈಸ್’: ‘ಕಾಮ್ ಡೌನ್’ ಮೆಚ್ಚಿದವರಿಗೆ ಎರಡನೆಯ ಆಲ್ಬಮ್ ಏಕೆ ದಕ್ಕಲಿಲ್ಲ?

ಮಲೆನಾಡಿನ ಕಿವಿ

ನೈಜೀರಿಯಾದ ಗಾಯಕ ರೆಮಾ ಅವರ ‘ಕಾಮ್ ಡೌನ್’ ಹಾಡು ನಮ್ಮ ಮನೆಯಲ್ಲಿ ಎರಡು ವರ್ಷ ಬಿಡುವಿಲ್ಲದೆ ಮೊಳಗಿದೆ. ಮಗಳು ಶಾಲೆಯ ವಾರ್ಷಿಕೋತ್ಸವದಲ್ಲಿ ಅದಕ್ಕೆ ಕುಣಿದಳು. ತಮ್ಮನ ಮದುವೆಯ ಹಿಂದಿನ ರಾತ್ರಿ ಚಪ್ಪರದ ಕೆಳಗೆ ಅದೇ ಹಾಡನ್ನು ನಾಲ್ಕು ಸಲ ಹಾಕಿಸಿದರು. ಹಾಡಿನ ಅರ್ಧ ಮಾತು ನಮಗೆ ತಿಳಿಯುತ್ತಿರಲಿಲ್ಲ, ಆದರೂ ಎಪ್ಪತ್ತು ದಾಟಿದ ನಮ್ಮ ಅತ್ತೆಯೂ ತಲೆದೂಗಿದರು.

ಹಾಗಾಗಿ 2024ರ ಜುಲೈ 10ರಂದು ರೆಮಾ ಅವರ ಎರಡನೆಯ ಸ್ಟುಡಿಯೋ ಆಲ್ಬಮ್ ‘ಹೈಸ್’ ಬಂದಾಗ ಆಸೆಯಿಂದಲೇ ಹಾಕಿದೆ. ಅಡುಗೆಮನೆಯ ಕಿಟಕಿಯಲ್ಲಿ ಒಂದು ಪುಟ್ಟ ಸ್ಪೀಕರ್ ಇಟ್ಟಿದ್ದೇವೆ. ಎರಡನೆಯ ಹಾಡು ಶುರುವಾಗುವಷ್ಟರಲ್ಲಿ ನನ್ನ ಹೆಂಡತಿ ಒಗ್ಗರಣೆ ಸೌಟು ಹಿಡಿದುಕೊಂಡೇ ಹೊರಗೆ ಬಂದು, ‘ಯಾರೋ ಬಾಗಿಲು ಬಡಿದ ಹಾಗಿತ್ತು’ ಎಂದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಅದು ಹಾಡಿನ ಪೆಟ್ಟು.

ಹನ್ನೊಂದು ಹಾಡು, ಒಟ್ಟು ಅರ್ಧ ಗಂಟೆಗೂ ಕಡಿಮೆ. ಮೊದಲ ಆಲ್ಬಮ್ ‘ರೇವ್ ಅಂಡ್ ರೋಸಸ್’ನಲ್ಲಿ ಹದಿನಾರು ಹಾಡುಗಳಿದ್ದವು; ಅಮೆರಿಕ, ಬ್ರಿಟನ್, ಫ್ರಾನ್ಸಿನ ಕಲಾವಿದರೂ ಜೊತೆಗಿದ್ದರು. ಇದರಲ್ಲಿ ಅತಿಥಿಗಳು ಇಬ್ಬರೇ, ಇಬ್ಬರೂ ನೈಜೀರಿಯಾದವರು. ಮೆತ್ತಗೆ ಮುದ್ದಿಸುವ ಹಾಡು ಒಂದೂ ಸಿಗಲಿಲ್ಲ. ಮೊದಲ ದಿನ ನನಗೆ ನಿಜಕ್ಕೂ ಬೇಸರವಾಯಿತು. ಒಂದು ವಾರ ಕಳೆದ ಮೇಲೆ ಮತ್ತೆ ಕೇಳಿದೆ. ಈಗ ಬಿಡಲಾಗುತ್ತಿಲ್ಲ. ಈ ಆಲ್ಬಮ್ ಇಷ್ಟವಾಗದವರ ಕಾರಣಗಳನ್ನು ತಿಳಿಯಬೇಕೆಂದಿದ್ದೇನೆ, ಇಷ್ಟವಾದವರ ಕಾರಣಗಳನ್ನು ಅದಕ್ಕಿಂತ ಹೆಚ್ಚಾಗಿ.

ಸಂಗೀತಪ್ರಿಯೆ

ಇಷ್ಟವಾಗದವರಲ್ಲಿ ನಾನೂ ಒಬ್ಬಳು. ಕಾರಣ ಹೇಳುತ್ತೇನೆ.

ರೆಮಾ ಅವರ ದೊಡ್ಡ ಆಸ್ತಿ ಅವರ ಕಂಠ. 2019ರ ‘ಡುಮೆಬಿ’ ಕೇಳಿ: ಆಗ ಇನ್ನೂ ಹದಿನೆಂಟರ ಹುಡುಗ. ಸ್ವರವನ್ನು ಎಳೆದು, ಕೊನೆಯಲ್ಲಿ ಸಣ್ಣದಾಗಿ ಬಳುಕಿಸಿ ಬಿಡುವ ರೀತಿ ನಮ್ಮ ಕಡೆಯ ಗಮಕಕ್ಕೆ ಒಗ್ಗಿದ ಕಿವಿಗೆ ತಕ್ಷಣ ಹಿಡಿಸುತ್ತದೆ. ಭಾರತದಲ್ಲಿ ಅವರ ಹಾಡು ಇಷ್ಟು ಬೇಗ ಮನೆಮಾತಾಗಲು ಅದೂ ಒಂದು ಕಾರಣ ಎಂದು ನಾನು ನಂಬಿದ್ದೇನೆ. ‘ಹೈಸ್’ನಲ್ಲಿ ಆ ಬಳುಕು ಎಲ್ಲಿ ಹೋಯಿತು? ಕೂಗು ಇದೆ, ಗುಂಪಿನ ಘೋಷಣೆ ಇದೆ, ಒಂದರ ಮೇಲೊಂದು ತಾಳವಾದ್ಯ ಬಂದು ಬೀಳುತ್ತದೆ. ಹಾಡುವವನಿಗೆ ಉಸಿರಾಡಲು ಜಾಗವಿಲ್ಲ. ಇಂಪಾಗಿ ಹಾಡಬಲ್ಲವನು ಬೇಕೆಂದೇ ಹಾಡದೆ ಕುಳಿತರೆ ಕೇಳುಗರಾದ ನಮಗೆ ನಷ್ಟ.

ಇದು ನನ್ನೊಬ್ಬಳ ದೂರಲ್ಲ. ಆಲ್ಬಮ್ ಬಂದ ವಾರ ನೈಜೀರಿಯಾದ ಕೇಳುಗರಲ್ಲೇ ಎಷ್ಟೋ ಮಂದಿ ಇದನ್ನು ಬರೀ ಗದ್ದಲ ಎಂದರು.

ಲೇಗೋಸಿನ ದಿನಗಳು

ಆರು ವರ್ಷ ನೈಜೀರಿಯಾದ ಲೇಗೋಸ್ ನಗರದ ಇಕೇಜಾದಲ್ಲಿ ಒಂದು ಕಾರ್ಖಾನೆಯ ಲೆಕ್ಕಪತ್ರ ನೋಡಿಕೊಂಡಿದ್ದೆ. ಈಗ ದಾವಣಗೆರೆಯಲ್ಲಿದ್ದೇನೆ. ಸಂಗೀತಪ್ರಿಯೆಯವರ ಮಾತನ್ನು ತಳ್ಳಿಹಾಕುವುದಿಲ್ಲ, ಆದರೆ ಆ ಗದ್ದಲ ಎಲ್ಲಿಯದು ಎಂಬುದನ್ನು ಹೇಳಲೇಬೇಕು.

ಲೇಗೋಸಿನಲ್ಲಿ ‘ಡಾನ್‌ಫೋ’ ಎಂಬ ಹಳದಿ ಮಿನಿಬಸ್ಸುಗಳಿವೆ. ಬೆಳಿಗ್ಗೆ ಆರೂವರೆಗೆ ನಿಲ್ದಾಣದಲ್ಲಿ ನಿಂತರೆ ಇಪ್ಪತ್ತು ಡಾನ್‌ಫೋಗಳ ಕಂಡಕ್ಟರುಗಳು ಬಾಗಿಲಿಗೆ ಜೋತುಬಿದ್ದು ಒಟ್ಟಿಗೇ ಊರಿನ ಹೆಸರು ಕೂಗುತ್ತಾರೆ. ಪಕ್ಕದಲ್ಲಿ ಕರೆಂಟು ಹೋದ ಅಂಗಡಿಗಳ ಜನರೇಟರುಗಳು. ಒಂದೊಂದು ಬಸ್ಸಿನಲ್ಲೂ ಒಂದೊಂದು ಹಾಡು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ಹೊಸ ಹಾಡು ಬಂದಾಗಲೆಲ್ಲ ಅದನ್ನು ಮೊದಲು ಬಸ್ಸಿನಲ್ಲಿ ಕೇಳುತ್ತಿದ್ದ, ಆಮೇಲೆ ಮನೆಯಲ್ಲಿ. ಬಸ್ಸಿನಲ್ಲಿ ಕೇಳಿಸದ ಹಾಡು ಹಾಡೇ ಅಲ್ಲ ಎನ್ನುವುದು ಅವನ ನಂಬಿಕೆ. ‘ಹೈಸ್’ ಅಂಥ ಬಸ್ಸಿಗೆ ಕಟ್ಟಿದ ಆಲ್ಬಮ್. ಜನರೇಟರಿನ ಸದ್ದನ್ನು ಸೀಳಿಕೊಂಡು ಅದು ಹೊರಗೆ ಬರಬೇಕು.

ಶೀರ್ಷಿಕೆಗಳನ್ನೇ ನೋಡಿ. ಮೊದಲ ಹಾಡು ‘ಮಾರ್ಚ್ ಆಮ್’. ಅಲ್ಲಿನ ಪಿಜಿನ್ ಎಂಬ ಬೆರಕೆ ಇಂಗ್ಲಿಷ್ ಮಾತಿನಲ್ಲಿ ‘ಆಮ್’ ಎಂದರೆ ‘ಅದನ್ನು’. ‘ಒತ್ತು, ಇನ್ನೂ ಜೋರಾಗಿ ಬಿಡು’ ಎಂದು ಡ್ರೈವರನಿಗೆ ಹೇಳುವ ಧಾಟಿ. ‘ಆಜಾಮನ್’ನಲ್ಲಿರುವ ‘ಆಜಾ’ ಎಂದರೆ ಬ್ಯಾಂಕ್ ಖಾತೆ. ಖಾತೆಯಲ್ಲಿ ದುಡ್ಡು ಬಂದು ಬೀಳುವವನ ಹಾಡು ಅದು. ‘ಓಜೆಬಾ’ ಎಂದರೆ ದೊಡ್ಡ ರಂಪ, ದೊಡ್ಡ ತಾಪತ್ರಯ. ಇವು ಯಾವುವೂ ಹೊರದೇಶದ ಕೇಳುಗನಿಗಾಗಿ ಸರಳ ಮಾಡಿದ ಮಾತುಗಳಲ್ಲ.

ಇನ್ನೊಂದು ವಿಷಯ. ‘ಬೆನಿನ್ ಬಾಯ್ಸ್’ ಹಾಡಿನ ಬೆನಿನ್ ಎಂದರೆ ಪಕ್ಕದ ಬೆನಿನ್ ದೇಶ ಎಂದುಕೊಂಡವರನ್ನು ಕಂಡಿದ್ದೇನೆ. ಅದಲ್ಲ. ನೈಜೀರಿಯಾದ ಎಡೋ ರಾಜ್ಯದ ರಾಜಧಾನಿ ಬೆನಿನ್ ಸಿಟಿ, ಹಳೆಯ ಬೆನಿನ್ ಅರಸೊತ್ತಿಗೆಯ ಊರು. ರೆಮಾ ಹುಟ್ಟಿದ್ದು ಅಲ್ಲಿ, 2000ನೇ ಇಸವಿಯ ಮೇ 1ರಂದು. ಆ ಹಾಡಿನಲ್ಲಿ ಜೊತೆಗಿರುವ ಶಾಲಿಪೋಪಿಯೂ ಅದೇ ಊರಿನವನು. ಲೇಗೋಸಿನ ಸಂಗೀತ ಲೋಕದಲ್ಲಿ ಯೊರುಬಾ ಮಾತಿನದೇ ಮೇಲುಗೈ. ಅಲ್ಲಿ ನಿಂತು ‘ನಾವು ಬೆನಿನ್ ಹುಡುಗರು’ ಎಂದು ಎದೆ ತಟ್ಟಿಕೊಂಡು ಹೇಳುವುದಕ್ಕೆ ಒಂದು ತೂಕವಿದೆ. ನಮ್ಮಲ್ಲೇ ಹುಬ್ಬಳ್ಳಿಯವನೋ ಕಲಬುರಗಿಯವನೋ ತನ್ನ ಊರಿನ ಮಾತಿನಲ್ಲೇ ಹಾಡಿ ಬೆಂಗಳೂರನ್ನು ಗೆದ್ದರೆ ಆ ಊರಿನವರಿಗೆ ಏನನ್ನಿಸುತ್ತದೆಯೋ, ಹಾಗೆ.

ಹೊಸ ಕೇಳುಗ 23

ಒಂದು ಸಣ್ಣ ಪ್ರಶ್ನೆ. ಆಫ್ರೋಪಾಪ್, ಆಫ್ರೋಬೀಟ್, ಆಫ್ರೋಬೀಟ್ಸ್: ಇವು ಮೂರೂ ಒಂದೆಯೇ? ಎಲ್ಲ ಕಡೆ ಬೇರೆ ಬೇರೆ ಹೆಸರು ನೋಡುತ್ತಿದ್ದೇನೆ.

ಹಳೆಯ ಕ್ಯಾಸೆಟ್ಟು

ಒಂದೇ ಅಲ್ಲ. ಆಫ್ರೋಬೀಟ್ ಎಂದರೆ 1970ರ ದಶಕದಲ್ಲಿ ಫೆಲಾ ಕುಟಿ ಮತ್ತು ಡ್ರಮ್ಮರ್ ಟೋನಿ ಅಲೆನ್ ಕಟ್ಟಿದ ಶೈಲಿ. ದೊಡ್ಡ ವಾದ್ಯಗೋಷ್ಠಿ, ಹತ್ತು ಹದಿನೈದು ನಿಮಿಷ ನಡೆಯುವ ಹಾಡು, ಸರ್ಕಾರದ ಮೇಲೆ ನೇರ ಸಿಟ್ಟು. ಕೊನೆಯಲ್ಲಿ ‘ಸ್’ ಸೇರಿದ ಆಫ್ರೋಬೀಟ್ಸ್ 2000ದ ನಂತರ ಪಶ್ಚಿಮ ಆಫ್ರಿಕಾದ ನಗರಗಳಿಂದ ಬಂದ ಪಾಪ್ ಸಂಗೀತಕ್ಕೆ ಹೊರಗಿನವರು ಅಂಟಿಸಿ, ಆಮೇಲೆ ಎಲ್ಲರೂ ಒಪ್ಪಿಕೊಂಡ ಹೆಸರು. ಆಫ್ರೋಪಾಪ್ ಇನ್ನೂ ವಿಶಾಲವಾದ ಚೀಲ. ರೆಮಾ ತನ್ನದನ್ನು ‘ಆಫ್ರೋರೇವ್’ ಎನ್ನುತ್ತಾನೆ.

ಈ ಹೆಸರಿನ ಜಗಳಕ್ಕೂ ‘ಹೈಸ್’ಗೂ ನೇರ ನಂಟಿದೆ. ಆಲ್ಬಮ್ ಬರುವ ಹಿಂದಿನ ಒಂದು ವರ್ಷ ನೈಜೀರಿಯಾದ ಹಿರಿಯ ಗಾಯಕರೇ ಆಫ್ರೋಬೀಟ್ಸ್ ಎಂಬ ಹೆಸರಿನಿಂದ ದೂರ ಸರಿಯುತ್ತಿದ್ದರು. 2023ರಲ್ಲಿ ಬರ್ನಾ ಬಾಯ್ ಒಂದು ಸಂದರ್ಶನದಲ್ಲಿ ಈ ಸಂಗೀತದ ಹೆಚ್ಚಿನ ಪಾಲಿನಲ್ಲಿ ಹುರುಳಿಲ್ಲ ಎಂಬರ್ಥದ ಮಾತಾಡಿದ. ವಿಜ್‌ಕಿಡ್ ತನ್ನನ್ನು ಆ ಹೆಸರಿನಿಂದ ಕರೆಯಬೇಡಿ ಎಂದ. ಎಲ್ಲರೂ ಮನೆ ಖಾಲಿ ಮಾಡುತ್ತಿರುವ ಹೊತ್ತಿನಲ್ಲಿ ಇಪ್ಪತ್ತನಾಲ್ಕರ ಈ ಹುಡುಗ ಒಳಗೆ ಹೋಗಿ ದೀಪ ಹಚ್ಚಿದ. ‘ಹೈಸ್’ ಗ್ರೀಕ್ ಪದ, ಅರ್ಥ ‘ಒಂದು’. ‘ಹೆಹೆಹೆ’ ಹಾಡಿನಲ್ಲಂತೂ ವಿಜ್‌ಕಿಡ್, ಬರ್ನಾ ಬಾಯ್, ಡೇವಿಡೋ ಎಂಬ ಮೂವರು ದೊಡ್ಡವರ ಕಾಲ ಮುಗಿಯಿತು, ಈಗ ನಾಲ್ವರು ಎಂದೇ ಹಾಡಿದ್ದಾನೆ. ಅದು ಸೊಕ್ಕು ಎಂದವರಿದ್ದಾರೆ. ನನಗೆ ಹಾಗನ್ನಿಸಲಿಲ್ಲ; ಆ ಮೂವರ ಹಾಡು ಕೇಳಿಕೊಂಡೇ ಬೆಳೆದವನು ಪಂಕ್ತಿಯಲ್ಲಿ ತನ್ನ ಎಲೆಯನ್ನೂ ಹಾಕಿ ಎಂದು ಕೇಳಿದ್ದಾನೆ.

ಎರಡನೆಯ ಆಲ್ಬಮ್ ಎಂಬುದು ಲೇಗೋಸಿನಲ್ಲಿ ಮೊದಲಿನಿಂದಲೂ ಪರೀಕ್ಷೆಯೇ. ವಿಜ್‌ಕಿಡ್‌ನ ಎರಡನೆಯದು 2014ರ ‘ಆಯೋ’. ಅದರಲ್ಲೇ ‘ಒಜುಎಲೆಗ್ಬಾ’ ಇರುವುದು. ತಾನು ಬೆಳೆದ ಬೀದಿಯ ಹಾಡು. ಅದೇ ಕೊನೆಗೆ ಅವನನ್ನು ಲೋಕಕ್ಕೆ ಪರಿಚಯಿಸಿತು.

ಕಡಲತೀರದವಳು

ಲೇಗೋಸಿನ ದಿನಗಳು ಅವರಿಗೆ ಒಂದು ಪ್ರಶ್ನೆ. ಈ ಆಲ್ಬಮ್‌ಗೂ ಮೊದಲು ಲಂಡನ್ನಿನ ಓಟು ಅರೀನಾದಲ್ಲಿ ನಡೆದ ಕಛೇರಿಯ ಬಗ್ಗೆ ದೊಡ್ಡ ಗಲಾಟೆಯಾಯಿತಲ್ಲ? ಮುಖವಾಡ ಹಾಕಿಕೊಂಡು ಕುದುರೆಯ ಮೇಲೆ ಬಂದ, ಬಾವಲಿಗಳ ಚಿತ್ರ ಇಟ್ಟ, ಇದು ಸೈತಾನನ ಆರಾಧನೆ ಎಂದೆಲ್ಲ ಜನ ಬರೆದರು. ನಮ್ಮ ಉಡುಪಿಯ ಕಡೆ ಭೂತದ ಮೊಗ ಕಂಡು ಹೊರಗಿನ ಎಷ್ಟೋ ಮಂದಿ ಇದೇ ಮಾತು ಹೇಳಿದ್ದನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ. ಅಜ್ಜನ ಮನೆಯ ಚಾವಡಿಯಲ್ಲಿ ಮೊಗ ಇಟ್ಟ ಜಾಗಕ್ಕೆ ದಿನವೂ ದೀಪ ಇಡುತ್ತಿದ್ದರು. ಅದನ್ನು ನೋಡಿ ನಮ್ಮ ಶಾಲೆಯ ಗೆಳತಿಯೊಬ್ಬಳು ‘ನಿಮ್ಮ ಮನೆಯಲ್ಲಿ ದೆವ್ವ ಇದೆಯಂತೆ’ ಎಂದಿದ್ದಳು. ಆ ದಿನ ಅತ್ತಿದ್ದೆ. ಹಾಗಾಗಿ ಆ ಸುದ್ದಿ ಓದಿದಾಗ ನನಗೆ ರೆಮಾ ಮೇಲೆ ಕೋಪ ಬರಲಿಲ್ಲ, ಮರುಕ ಬಂತು. ಈ ಆಲ್ಬಮ್‌ನ ‘ಎಗುಂಗುನ್’ ಹಾಡು ಆ ಮುಖವಾಡದ ಬಗ್ಗೆಯೇ ಇದೆಯೇ?

ಲೇಗೋಸಿನ ದಿನಗಳು

ಇಲ್ಲ ಮೇಡಂ, ಅವೆರಡೂ ಬೇರೆ. ಎಗುಂಗುನ್ ಯೊರುಬಾ ಜನರದು. ತೀರಿಹೋದ ಹಿರಿಯರು ಬಟ್ಟೆಯ ಮೇಲೆ ಬಟ್ಟೆ ಹೊದ್ದು, ಮುಖ ಮುಚ್ಚಿಕೊಂಡು ಊರಿಗೆ ಮರಳುತ್ತಾರೆ ಎಂಬ ನಂಬಿಕೆಯ ಆಚರಣೆ. ಲಂಡನ್ನಿನ ಮುಖವಾಡ ಬೆನಿನ್ನಿನದು, ರಾಣಿ ಇಡಿಯಾಳ ಮುಖ. ಹದಿನಾರನೆಯ ಶತಮಾನದ ಆರಂಭದಲ್ಲಿ ಬೆನಿನ್ ಆಳಿದ ಓಬಾ ಎಸಿಗಿಯೆ ಎಂಬ ಅರಸನ ತಾಯಿ ಆಕೆ.

ಆ ಕಛೇರಿ ನಡೆದದ್ದು 2023ರ ನವೆಂಬರ್ 14ರಂದು. ಅದು ಲಂಡನ್ನಿನಲ್ಲೇ ನಡೆಯಿತು ಎಂಬುದನ್ನು ಮರೆಯಬೇಡಿ. 1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ಅರಮನೆಯನ್ನು ಸುಟ್ಟು, ಸಾವಿರಾರು ಕಂಚಿನ ಫಲಕಗಳನ್ನೂ ದಂತದ ಕೆತ್ತನೆಗಳನ್ನೂ ಹೊತ್ತೊಯ್ದಿತು. ಇಡಿಯಾಳ ದಂತದ ಮುಖವಾಡಗಳಲ್ಲಿ ಒಂದು ಇವತ್ತಿಗೂ ಬ್ರಿಟಿಷ್ ಮ್ಯೂಸಿಯಂನಲ್ಲಿದೆ, ಇನ್ನೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ. 1977ರಲ್ಲಿ ಲೇಗೋಸಿನಲ್ಲಿ ಆಫ್ರಿಕಾದ ಕಲೆಗಳ ಮಹಾಮೇಳ ‘ಫೆಸ್ಟಾಕ್’ ನಡೆದಾಗ ಇದೇ ಮುಖವನ್ನು ಲಾಂಛನ ಮಾಡಿಕೊಂಡರು. ಮೂಲ ಮುಖವಾಡವನ್ನು ಕೆಲವು ದಿನಕ್ಕೆ ಎರವಲು ಕೊಡಿ ಎಂದು ಕೇಳಿದರೂ ಬ್ರಿಟಿಷ್ ಮ್ಯೂಸಿಯಂ ಕೊಡಲಿಲ್ಲ. ಕೊನೆಗೆ ಪ್ರತಿಕೃತಿ ಮಾಡಿಸಿ ಮೇಳ ನಡೆಸಿದರು.

ಈಗ ಯೋಚಿಸಿ. ಗಾಜಿನ ಪೆಟ್ಟಿಗೆಯೊಳಗೆ ತನ್ನ ಊರಿನ ರಾಣಿಯನ್ನು ಇಟ್ಟುಕೊಂಡ ನಗರಕ್ಕೇ ಹೋಗಿ, ಇಪ್ಪತ್ತು ಸಾವಿರ ಜನ ಹಿಡಿಸುವ ರಂಗದ ಮೇಲೆ ಅವಳ ಮುಖ ಧರಿಸಿ ನಿಂತ. ಬಾವಲಿಯೂ ಬೆನಿನ್ ಸಿಟಿಯದೇ. ಆ ಊರಿನ ಆಕಾಶದಲ್ಲಿ ಬಾವಲಿಗಳ ಹಿಂಡು ಹಾರುವುದನ್ನು ಅಲ್ಲಿಯ ಜನ ದಿನವೂ ನೋಡುತ್ತಾರೆ. ಗಲಾಟೆಯಾದ ಮೇಲೆ ರೆಮಾ ಇದನ್ನೆಲ್ಲ ತಾನೇ ವಿವರಿಸಿದ್ದ. ನನ್ನ ಮಟ್ಟಿಗೆ ‘ಹೈಸ್’ ಹುಟ್ಟಿದ್ದು ಆ ರಾತ್ರಿ. ಹೊರಗಿನವರಿಗೆ ಅರ್ಥವಾಗಲಿ ಎಂದು ತನ್ನನ್ನು ತಿದ್ದಿಕೊಳ್ಳದೆ ನಿಂತವನು ಮುಂದಿನ ಆಲ್ಬಮ್‌ನಲ್ಲಿ ತಿದ್ದಿಕೊಳ್ಳುತ್ತಾನೆಯೇ?

ಡೊಳ್ಳಿನ ಹುಡುಗ

ನನಗೆ ಇತಿಹಾಸ ಅಷ್ಟು ಗೊತ್ತಿಲ್ಲ. ಹನ್ನೆರಡು ವರ್ಷದಿಂದ ಡೊಳ್ಳು ಬಾರಿಸುತ್ತೇನೆ, ಆದ್ದರಿಂದ ಪೆಟ್ಟಿನ ಬಗ್ಗೆ ಮಾತ್ರ ಹೇಳುತ್ತೇನೆ.

‘ಕಾಮ್ ಡೌನ್’ ಥರದ ಹಾಡುಗಳ ಲೆಕ್ಕ ಬಾಯಲ್ಲಿ ಹೇಳಿಕೊಂಡರೆ ‘ತಕಿಟ ತಕಿಟ ತಕ’. ಮೂರು, ಮೂರು, ಎರಡು; ಒಟ್ಟು ಎಂಟು. ಕೈತಟ್ಟಿ ನೋಡಿ, ಹಾಡು ತಾನಾಗಿಯೇ ತೂಗುತ್ತದೆ. ಆ ಪೆಟ್ಟುಗಳ ನಡುವೆ ಖಾಲಿ ಎಡೆ ಇರುತ್ತದೆ. ನಿಮ್ಮ ಸೊಂಟ ಆ ಎಡೆಯಲ್ಲಿ ತಿರುಗುತ್ತದೆ. ಮದುವೆ ಮನೆಯಲ್ಲಿ ಅಜ್ಜಿಯರೂ ತಲೆದೂಗುವುದು ಅದಕ್ಕೇ.

‘ಓಜೆಬಾ’ದಲ್ಲಿ ಆ ಎಡೆಯನ್ನೇ ಮುಚ್ಚಿಬಿಟ್ಟಿದ್ದಾರೆ. ವೇಗ ಹೆಚ್ಚು, ಒಂದು ಪೆಟ್ಟು ಇಳಿಯುವ ಮೊದಲೇ ಇನ್ನೊಂದು ಏರುತ್ತದೆ, ಮೇಲಿನಿಂದ ಗುಂಪಿನ ಕೂಗು. ಡೊಳ್ಳು ಕುಣಿತದಲ್ಲಿ ಕೊನೆಕೊನೆಗೆ ಹೀಗೇ ಆಗುತ್ತದೆ. ಮೊದಲ ಹತ್ತು ನಿಮಿಷ ಹೆಜ್ಜೆ ನೋಡಿಕೊಂಡು ಬಾರಿಸುತ್ತೇವೆ. ಕೊನೆಯಲ್ಲಿ ತಾಳದವನು ಕಾಲ ಏರಿಸಿದಾಗ ಯಾರೂ ಲೆಕ್ಕ ಹಾಕುವುದಿಲ್ಲ. ಎಡಗೈ ಚರ್ಮದ ಮೇಲೆ, ಬಲಗೈಯ ಕೋಲು ಇನ್ನೊಂದು ಮುಖದ ಮೇಲೆ, ಎದುರಿನವನ ಕಣ್ಣು ನೋಡಿಕೊಂಡು ಹೊಡೆಯುತ್ತೇವೆ. ಬೆವರು ಹುಬ್ಬಿನಿಂದ ಡೊಳ್ಳಿನ ಮೇಲೆ ಬಿದ್ದು, ಮುಂದಿನ ಪೆಟ್ಟಿಗೆ ಸಿಡಿದು ಮುಖಕ್ಕೇ ಬರುತ್ತದೆ. ‘ಹೈಸ್’ ಆ ಕೊನೆಯ ಐದು ನಿಮಿಷದಿಂದಲೇ ಶುರುವಾಗುತ್ತದೆ. ಕುಳಿತು ಕೇಳುವವರಿಗೆ ಅದು ಕಷ್ಟವಾಗುವುದು ಸಹಜ. ನಮ್ಮ ಮೇಳದ ಹುಡುಗರಿಗೆ ಒಮ್ಮೆ ಕೇಳಿಸಿದೆ, ಎರಡನೆಯ ಸಲಕ್ಕೆ ಒಬ್ಬನೂ ಕುಳಿತಿರಲಿಲ್ಲ.

ಧ್ವನಿಮುದ್ರಣ

ಒಂದೇ ಮಾತು ಸೇರಿಸುತ್ತೇನೆ. ಇದನ್ನು ಮೊಬೈಲಿನ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬೇಡಿ. ಇದರ ತಳದ ಸದ್ದು ಅಲ್ಲಿ ಪೂರ್ತಿ ಕಾಣೆಯಾಗುತ್ತದೆ, ಉಳಿಯುವುದು ಮೇಲಿನ ಚೀರು ಮಾತ್ರ. ಗದ್ದಲ ಎಂದವರಲ್ಲಿ ಅರ್ಧ ಜನ ಹಾಗೆಯೇ ಕೇಳಿರಬಹುದು. ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದರೆ ಒಂದೊಂದು ತಾಳವಾದ್ಯವೂ ತನ್ನ ಜಾಗದಲ್ಲಿ ಸ್ಪಷ್ಟವಾಗಿ ನಿಂತಿರುವುದು ತಿಳಿಯುತ್ತದೆ.

ಸಂಗೀತಪ್ರಿಯೆ

ಧ್ವನಿಮುದ್ರಣ ಅವರು ಹೇಳಿದ ಹಾಗೆ ಹೆಡ್‌ಫೋನಿನಲ್ಲಿ ಮತ್ತೆ ಕೇಳಿದೆ. ಇಡಿಯಾ ರಾಣಿಯ ವಿಷಯ ನನಗೆ ಗೊತ್ತಿರಲಿಲ್ಲ. ಓದಿ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಡೊಳ್ಳಿನ ಹುಡುಗ ಹೇಳಿದ ಎಡೆಯ ಮಾತೂ ಸರಿ.

ಆದರೂ ನನ್ನ ಮೂಲ ಮಾತು ಹಾಗೇ ಇದೆ. ಊರಿನ ಅಭಿಮಾನವನ್ನು ಇಂಪಾಗಿ ಹಾಡಬಾರದೆಂದು ಯಾರು ಹೇಳಿದರು? ಮೊದಲ ಆಲ್ಬಮ್ ಮೃದುವಾಗಿತ್ತು, ಆದ್ದರಿಂದ ಎರಡನೆಯದು ಒರಟಾಗಿರಲೇಬೇಕು ಎಂಬ ಹಟ ಅಲ್ಲಲ್ಲಿ ಕೇಳಿಸುತ್ತದೆ. ‘ವಾರ್ ಮೆಷಿನ್’ನಲ್ಲಿ ಅತಿಥಿಯಾಗಿ ಬಂದ ಒಡುಮೊಡುಬ್ಲಾಕ್‌ನದು ಒರಟು ಕಂಠ, ಅವನಿಗೆ ಆ ಹಾಡು ಒಪ್ಪುತ್ತದೆ. ಅದರ ಪಕ್ಕದಲ್ಲಿ ರೆಮಾ ಅವರ ಕಂಠ ತನ್ನದಲ್ಲದ ಬಟ್ಟೆ ತೊಟ್ಟ ಹಾಗಿದೆ. ಇದನ್ನು ಮೆಚ್ಚದೆ ಹೇಳುತ್ತಿಲ್ಲ. ನಾವು ಮೆಚ್ಚಿದ ಕಲಾವಿದರ ಬಗ್ಗೆಯೇ ಈ ಸಂಕಟ ಬರುವುದು.

ಮತ್ತೆ, ಕೊನೆಯ ಹಾಡು ‘ನೌ ಐ ನೋ’ ಇದೆಯಲ್ಲ, ಅದೊಂದನ್ನು ಇಟ್ಟುಕೊಂಡು ನಾನು ಉಳಿದ ಹತ್ತನ್ನು ಬಿಟ್ಟುಕೊಡಬಲ್ಲೆ. ಅಲ್ಲಿ ವೇಗ ಇಳಿಯುತ್ತದೆ. ಬಾಲ್ಯದ ಮಾತು ಬರುತ್ತದೆ. ಎಂಟು ವರ್ಷಕ್ಕೆ ತಂದೆಯನ್ನು ಕಳೆದುಕೊಂಡ, ಮುಂದೆ ಅಣ್ಣನನ್ನೂ ಕಳೆದುಕೊಂಡ ಹುಡುಗ ಅವರು ಎಂದು ತಿಳಿದು ಕೇಳಿದರೆ ಹಾಡು ಬೇರೆಯೇ ಆಗುತ್ತದೆ.

ಹಳೆಯ ಕ್ಯಾಸೆಟ್ಟು

ಮೇಡಂ, ಆ ಕೊನೆಯ ಹಾಡು ಅಷ್ಟು ನಾಟುವುದು ಅದರ ಹಿಂದೆ ಹತ್ತು ಹಾಡುಗಳ ಅಬ್ಬರ ಇರುವುದರಿಂದ. ಜಾತ್ರೆಯಿಂದ ಮನೆಗೆ ಬಂದು ಬಾಗಿಲು ಹಾಕಿಕೊಂಡಾಗ ಕಿವಿಯಲ್ಲಿ ಒಂದು ಮೌನ ಗುಂಯ್‌ಗುಡುತ್ತದಲ್ಲ, ‘ನೌ ಐ ನೋ’ ಆ ಮೌನದಲ್ಲಿ ಕುಳಿತು ಹಾಡಿದ್ದು. ಅದೊಂದನ್ನೇ ಕಿತ್ತು ತೆಗೆದರೆ ಸಾಧಾರಣ ಹಾಡು.

ಬಟ್ಟೆಯ ಮಾತನ್ನೂ ನಾನು ಒಪ್ಪಲಾರೆ. ಚಿಕ್ಕಂದಿನಲ್ಲಿ ಚರ್ಚ್‌ನಲ್ಲಿ ರೆಮಾ ರಾಪ್ ಮಾಡುತ್ತಿದ್ದ. 2018ರಲ್ಲಿ ಗಾಯಕ ಡಿ’ಪ್ರಿನ್ಸ್‌ನ ಹಾಡೊಂದಕ್ಕೆ ತನ್ನದೇ ಸಾಲು ಸೇರಿಸಿ ಹಾಕಿದ ವಿಡಿಯೋ ಡಿ’ಪ್ರಿನ್ಸ್‌ನ ಕಣ್ಣಿಗೇ ಬಿದ್ದಿತು. ಅಲ್ಲಿಂದ ಡಿ’ಪ್ರಿನ್ಸ್‌ನ ಅಣ್ಣ ಡಾನ್ ಜಾಜಿಯ ಮೇವಿನ್ ಎಂಬ ಸಂಗೀತ ಸಂಸ್ಥೆಗೆ ರೆಮಾ ಬಂದದ್ದು. ಕೂಗಿ ಹೇಳುವುದು ಅವನಿಗೆ ಹೊಸತಲ್ಲ, ಇಂಪಿಗಿಂತಲೂ ಹಳೆಯದು.

ಪ್ರಶಸ್ತಿ ಪಟ್ಟಿ

ಎಷ್ಟೇ ಹೊಗಳಿದರೂ ಲೆಕ್ಕಕ್ಕೆ ಬರುವುದು ಫಲಿತಾಂಶ. ಗಾಯಕಿ ಸೆಲೆನಾ ಗೋಮೆಜ್ ಜೊತೆಗಿನ ‘ಕಾಮ್ ಡೌನ್’ ರೂಪ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ ಮೂರನೆಯ ಸ್ಥಾನದವರೆಗೆ ಹೋಯಿತು. ‘ಹೈಸ್’ನ ಯಾವ ಹಾಡೂ ಅದರ ಹತ್ತಿರ ಸುಳಿಯಲಿಲ್ಲ. ಗ್ರ್ಯಾಮಿಗೆ ನಾಮನಿರ್ದೇಶನ ಸಿಕ್ಕಿತು, ಪ್ರಶಸ್ತಿ ಸಿಗಲಿಲ್ಲ.

ಹಳೆಯ ಕ್ಯಾಸೆಟ್ಟು

ಗ್ರ್ಯಾಮಿಯ ಆ ವಿಭಾಗ, ಜಾಗತಿಕ ಸಂಗೀತದ ಶ್ರೇಷ್ಠ ಆಲ್ಬಮ್, ನಮಗೂ ಅಪರಿಚಿತವಲ್ಲ. 2024ರಲ್ಲಿ ಅದನ್ನು ಗೆದ್ದದ್ದು ಜಾಕಿರ್ ಹುಸೇನ್, ಶಂಕರ್ ಮಹದೇವನ್ ಇದ್ದ ‘ಶಕ್ತಿ’ ತಂಡ; ಅಂದು ಸೋತವರ ಪಟ್ಟಿಯಲ್ಲಿ ಬರ್ನಾ ಬಾಯ್, ಡೇವಿಡೋ ಇಬ್ಬರೂ ಇದ್ದರು. ಮರುವರ್ಷ, 2025ರ ಫೆಬ್ರುವರಿ 2ರಂದು, ಅದೇ ವಿಭಾಗದಲ್ಲಿ ‘ಹೈಸ್’ ಮತ್ತು ನೈಜೀರಿಯಾದವರೇ ಆದ ಗಾಯಕಿ ಟೆಮ್ಸ್ ಅವರ ಮೊದಲ ಆಲ್ಬಮ್ ಎರಡೂ ಇದ್ದವು. ಗೆದ್ದದ್ದು ಅಮೆರಿಕದ ಗಾಯಕ ಮ್ಯಾಟ್ ಬಿ ಅವರ ಆಲ್ಬಮ್, ಲಂಡನ್ನಿನ ರಾಯಲ್ ಫಿಲ್ಹಾರ್ಮೋನಿಕ್ ವಾದ್ಯವೃಂದದ ಜೊತೆ ಮಾಡಿದ್ದು.

ಆದರೆ ಅದೇ ವರ್ಷ ಏಪ್ರಿಲ್‌ನಲ್ಲಿ ಲೇಗೋಸಿನಲ್ಲಿ ನಡೆದ ನೈಜೀರಿಯಾದ ಸಂಗೀತ ಪ್ರಶಸ್ತಿ ಹೆಡೀಸ್ ಸಮಾರಂಭದಲ್ಲಿ ವರ್ಷದ ಆಲ್ಬಮ್ ಎಂದು ಆರಿಸಿದ್ದು ‘ಹೈಸ್’ ಅನ್ನು. ಯಾರನ್ನು ನೆನೆದು ಆಲ್ಬಮ್ ಕಟ್ಟಿದನೋ ಅವರೇ ಕರೆದು ಕೈಗೆ ಪ್ರಶಸ್ತಿ ಇಟ್ಟರು. ಮೊದಲ ವಾರ ಗದ್ದಲ ಎಂದವರೇ ತಿಂಗಳು ಕಳೆಯುವಷ್ಟರಲ್ಲಿ ‘ಓಜೆಬಾ’ಕ್ಕೆ ಕುಣಿಯುತ್ತಿದ್ದರು. ಹೊರಗಿನ ವಿಮರ್ಶಕರೂ ಬಹುತೇಕ ಮೆಚ್ಚಿದರು, ವರ್ಷದ ಕೊನೆಯ ಹಲವು ಪಟ್ಟಿಗಳಲ್ಲಿ ಈ ಹೆಸರಿತ್ತು. ನೀವು ಯಾವ ಫಲಿತಾಂಶವನ್ನು ಲೆಕ್ಕಕ್ಕೆ ಹಿಡಿಯುತ್ತೀರಿ?

ಮಲೆನಾಡಿನ ಕಿವಿ

ಇಷ್ಟು ದಿನ ಎಲ್ಲರ ಮಾತು ಓದಿದೆ. ನನ್ನನ್ನು ಕಾಡುತ್ತಿರುವ ಒಂದು ಸಂಗತಿಯನ್ನು ಹೇಳಬೇಕು.

‘ಹೈಸ್’ ಬಂದದ್ದು ಜುಲೈ 10, ಬುಧವಾರ. ಎರಡೇ ದಿನಕ್ಕೆ, ಜುಲೈ 12ರಂದು, ಮುಂಬೈಯಲ್ಲಿ ಅಂಬಾನಿ ಕುಟುಂಬದ ಮದುವೆಯಲ್ಲಿ ರೆಮಾ ಹಾಡಿದರು. ಹಾಡಿದ್ದು ‘ಕಾಮ್ ಡೌನ್’. ಆ ವಿಡಿಯೋವನ್ನು ನೀವೆಲ್ಲ ನೋಡಿರುತ್ತೀರಿ, ನಾವೂ ಮನೆಯವರೆಲ್ಲ ಕುಳಿತು ನೋಡಿದೆವು. ಸುತ್ತ ನಕ್ಷತ್ರಗಳಂಥ ಜನ, ಎಲ್ಲರೂ ಕುಣಿಯುತ್ತಿದ್ದಾರೆ. ಮಗಳು ಖುಷಿಯಿಂದ ಚೀರಿದಳು. ನಮ್ಮ ದೇಶಕ್ಕೆ ಬೇಕಾಗಿದ್ದ ರೆಮಾ ಅದೇ. ಹಿಂದಿನ ವರ್ಷ ಮೇ ತಿಂಗಳಲ್ಲಿ ಅವರು ಭಾರತದಲ್ಲಿ ಪ್ರವಾಸ ಮಾಡಿದಾಗಲೂ ಪ್ರವಾಸಕ್ಕೆ ಇಟ್ಟ ಹೆಸರು ಆ ಹಾಡಿನದೇ.

ಎರಡು ದಿನದ ಹಿಂದೆ ತಾನು ಮನಸಾರೆ ಕಟ್ಟಿದ್ದನ್ನು ಲೋಕದ ಮುಂದೆ ಇಟ್ಟ ಇಪ್ಪತ್ತನಾಲ್ಕರ ಹುಡುಗ, ಅಲ್ಲಿ ನಿಂತು ಎರಡು ವರ್ಷ ಹಳೆಯ ಹಾಡನ್ನು ಮತ್ತೊಮ್ಮೆ ನಗುತ್ತಾ ಹಾಡುತ್ತಿದ್ದ. ಅದರಲ್ಲಿ ತಪ್ಪೇನೂ ಇಲ್ಲ, ಕರೆದವರ ಮನೆಯಲ್ಲಿ ಕರೆದವರಿಗೆ ಬೇಕಾದ್ದನ್ನು ಹಾಡುವುದು ಕಲಾವಿದರ ಧರ್ಮ. ಆದರೆ ಆ ವಿಡಿಯೋ ನೋಡಿದ ಮೇಲೆಯೇ ನಾನು ‘ಹೈಸ್’ ಅನ್ನು ಎರಡನೆಯ ಸಲ ಹಾಕಿದ್ದು. ಇನ್ನೊಂದು ‘ಕಾಮ್ ಡೌನ್’ ಮಾಡುವುದು ಅವರಿಗೆ ಎಷ್ಟು ಸುಲಭವಿತ್ತು, ಅದಕ್ಕೆ ಎಷ್ಟು ಬೆಲೆ ಇತ್ತು ಎಂದು ಆಗ ತಿಳಿಯಿತು. ಅಷ್ಟನ್ನೂ ಬದಿಗಿಟ್ಟು ಬೆನಿನ್ ಹುಡುಗರಿಗೂ ಲೇಗೋಸಿನ ಬಸ್ಸಿಗೂ ಹಾಡಿದ್ದಾರೆ. ಸಂಗೀತಪ್ರಿಯೆಯವರು ಹೇಳಿದ ನಷ್ಟ ನಮಗೆ ಆಗಿದೆ, ನಿಜ. ಆ ನಷ್ಟ ಮಾಡಿಕೊಳ್ಳುವ ಧೈರ್ಯ ಅವರಿಗೆ ಇತ್ತು ಎಂಬುದಕ್ಕೇ ನಾನು ಈ ಆಲ್ಬಮ್ ಅನ್ನು ಪ್ರೀತಿಸುತ್ತೇನೆ.

ಸಂಗೀತಪ್ರಿಯೆ

ಈ ಮಾತಿಗೆ ನನ್ನಲ್ಲಿ ಎದುರು ಮಾತಿಲ್ಲ. ಮುಂದಿನ ಆಲ್ಬಮ್‌ನಲ್ಲಿ ಆ ಬಳುಕು ಮರಳಿ ಬರಲಿ ಎಂದು ಮಾತ್ರ ಕಾಯುತ್ತೇನೆ. ನಿಮ್ಮ ಮಗಳಿಗೆ ‘ಹೈಸ್’ ಹಿಡಿಸಿತೇ?

ಮಲೆನಾಡಿನ ಕಿವಿ

ಮೊದಲು ಹಿಡಿಸಲಿಲ್ಲ. ಕಳೆದ ಭಾನುವಾರ ಡೊಳ್ಳಿನ ಹುಡುಗ ಬರೆದದ್ದನ್ನು ಅವಳಿಗೆ ಓದಿ ಹೇಳಿದೆ. ಅವಲಕ್ಕಿ ಡಬ್ಬ ಮಗುಚಿ ಹಾಕಿಕೊಂಡು ಮೊದಲು ‘ತಕಿಟ ತಕಿಟ ತಕ’ ಬಾರಿಸಿದಳು, ಆಮೇಲೆ ‘ಓಜೆಬಾ’ ಹಾಕಿಸಿಕೊಂಡು ಅದರ ಜೊತೆ ಬಾರಿಸಲು ಹೊರಟಳು. ಮೂರು ಸಲ ತಪ್ಪಿತು. ನಾಲ್ಕನೆಯ ಸಲ ಸುಮಾರು ಅರ್ಧ ನಿಮಿಷ ಹಾಡಿನ ಜೊತೆಗೇ ಹೋದಳು. ಡಬ್ಬದ ತಳ ಸ್ವಲ್ಪ ನೆಗ್ಗಿದೆ.

ಡೊಳ್ಳಿನ ಹುಡುಗ

ಸರ್, ಅವಳಿಗೆ ಎಡಗೈಯನ್ನು ಬೆರಳಿನಿಂದ ಅಲ್ಲ, ಅಂಗೈಯಿಂದ ಹೊಡೆಯಲು ಹೇಳಿ. ಇಡೀ ಹಾಡು ಬರುತ್ತದೆ.